ಮೊಮ್ಮಗು ಬೇರೆ ರಾಜ್ಯದಲ್ಲಿದೆ: ಅಜ್ಜ-ಅಜ್ಜಿ ಯಾವ ಕೋರ್ಟಿಗೆ ಹೋಗಬೇಕು, ಏನು ಕೇಳಬಹುದು?

ಧಾರವಾಡದ ಒಂದು ಮನೆ ಅಂದುಕೊಳ್ಳಿ. ಮಗಳನ್ನು ಪುಣೆಗೆ ಕೊಟ್ಟಿದ್ದರು. ಮಗಳು ಕಾಯಿಲೆ ಬಿದ್ದು ತೀರಿಕೊಂಡಳು. ಆರು ವರ್ಷದ ಮೊಮ್ಮಗಳು ಅಪ್ಪನ ಹತ್ತಿರ ಪುಣೆಯಲ್ಲೇ ಉಳಿದಳು. ಮೊದಮೊದಲು ದಿನಾ ಸಂಜೆ ವಿಡಿಯೊ ಕಾಲ್ ಬರುತ್ತಿತ್ತು. ಆಮೇಲೆ ಭಾನುವಾರಕ್ಕೊಂದು. ಅಳಿಯ ಮತ್ತೆ ಮದುವೆಯಾದ. ಈಗ ಇವರು ಫೋನ್ ಮಾಡಿದರೆ ಆ ಕಡೆ ಯಾರೂ ಎತ್ತುವುದಿಲ್ಲ.

ಇಂಥ ಮನೆಗಳು ನಮ್ಮ ಸುತ್ತ ಇವೆ. ಕೆಲವು ಕಡೆ ಮಗ ತೀರಿಕೊಂಡಿರುತ್ತಾನೆ, ಸೊಸೆ ಮಗುವನ್ನು ಕರೆದುಕೊಂಡು ಹೈದರಾಬಾದಿನ ತವರಿಗೆ ಹೋಗಿರುತ್ತಾಳೆ. ಇನ್ನು ಕೆಲವು ಕಡೆ ಇಬ್ಬರೂ ಇಲ್ಲ. ಆಗ ಎರಡು ಕಡೆಯ ಬೀಗರ ನಡುವೆ ಮಗು ಸಿಕ್ಕಿಕೊಂಡಿರುತ್ತದೆ. ಎಲ್ಲ ಮನೆಗಳಲ್ಲೂ ಅಜ್ಜಿ ಕೇಳುವ ಪ್ರಶ್ನೆ ಒಂದೇ: "ನಮ್ಮ ರಕ್ತ ಅದು, ನಮಗೆ ಹಕ್ಕಿಲ್ವಾ?" ಅಜ್ಜನ ಪ್ರಶ್ನೆ ಸ್ವಲ್ಪ ಬೇರೆ: "ಇಲ್ಲೇ ನಮ್ಮೂರ ಕೋರ್ಟಿನಲ್ಲಿ ಕೇಸು ಹಾಕಿದರೆ ಆಗಲ್ವಾ?"

ಅಜ್ಜನ ಪ್ರಶ್ನೆಗೆ ಉತ್ತರ ಸುಲಭ, ಹಾಗಾಗಿ ಅದನ್ನೇ ಮೊದಲು ನೋಡೋಣ.

ಮಗು ಎಲ್ಲಿದೆಯೋ ಅಲ್ಲಿನ ಕೋರ್ಟು

ಈ ವಿಷಯದಲ್ಲಿ ನಮ್ಮ ದೇಶದ ಮುಖ್ಯ ಕಾನೂನು ಬ್ರಿಟಿಷರ ಕಾಲದ್ದು. ಅದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಯಾವ ಧರ್ಮದವರಾದರೂ ಕೋರ್ಟಿನಿಂದ ಗಾರ್ಡಿಯನ್ ನೇಮಕ ಬೇಕೆಂದರೆ ಈ ಕಾಯ್ದೆಯಡಿಯಲ್ಲೇ ಅರ್ಜಿ ಹಾಕಬೇಕು. ಅರ್ಜಿ ಯಾರು ಹಾಕಬಹುದು ಅಂತ ಇದರ 8ನೇ ಸೆಕ್ಷನ್ ಹೇಳುತ್ತದೆ. ಮಗುವಿನ ಯಾವುದೇ ಬಂಧು, ಸ್ನೇಹಿತರು ಕೂಡ ಹಾಕಬಹುದು. ಅಂದರೆ ಅಜ್ಜ-ಅಜ್ಜಿಗೆ ಬಾಗಿಲು ತೆರೆದೇ ಇದೆ.

ಆದರೆ ಯಾವ ಕೋರ್ಟಿನ ಬಾಗಿಲು? ಅದು 9ನೇ ಸೆಕ್ಷನ್‌ನಲ್ಲಿದೆ. ಮಗು "ಸಾಮಾನ್ಯವಾಗಿ ವಾಸವಿರುವ" ಜಾಗದ ಜಿಲ್ಲಾ ನ್ಯಾಯಾಲಯ. ಫ್ಯಾಮಿಲಿ ಕೋರ್ಟ್ ಇರುವ ಊರಾದರೆ 1984ರ ಫ್ಯಾಮಿಲಿ ಕೋರ್ಟ್ಸ್ ಕಾಯ್ದೆಯ ಪ್ರಕಾರ ಆ ಕೋರ್ಟು. ಅರ್ಜಿ ಹಾಕುವವರು ಎಲ್ಲಿದ್ದಾರೆ, ಮಗು ಎಲ್ಲಿ ಹುಟ್ಟಿತು, ಮಗಳ ಮದುವೆ ಯಾವ ಊರಲ್ಲಾಯಿತು, ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಧಾರವಾಡದ ಅಜ್ಜ-ಅಜ್ಜಿ ಪುಣೆಯ ಫ್ಯಾಮಿಲಿ ಕೋರ್ಟಿಗೇ ಹೋಗಬೇಕು.

ಇದು ವಯಸ್ಸಾದವರಿಗೆ ಕಷ್ಟ. ಒಂದು ವಾಯಿದೆಗೆ ಅಂತ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಬೇಕು. ಅಲ್ಲಿ "ಮುಂದಿನ ತಿಂಗಳು ಬನ್ನಿ" ಅಂದರೆ ಸುಮ್ನೆ ವಾಪಸ್ ಬರಬೇಕು. ಆದರೂ ಈ ನಿಯಮ ಸರಿಯಾದದ್ದೇ ಅನ್ನುವುದು ನನ್ನ ಅಭಿಪ್ರಾಯ. ಮಗುವಿನ ಶಾಲೆ, ಟೀಚರ್, ಡಾಕ್ಟರ್, ಅಕ್ಕಪಕ್ಕದ ಮನೆಯವರು ಎಲ್ಲರೂ ಇರುವುದು ಅಲ್ಲೇ. ಮಗು ಹೇಗಿದೆ ಅಂತ ತಿಳಿಯಬೇಕಾದರೆ ಅಲ್ಲಿನ ಜಡ್ಜಿಗೇ ಅನುಕೂಲ ಜಾಸ್ತಿ. ಮಗುವನ್ನೇ ಧಾರವಾಡಕ್ಕೂ ಪುಣೆಗೂ ಓಡಾಡಿಸುವುದಕ್ಕಿಂತ ದೊಡ್ಡವರು ಓಡಾಡುವುದು ಮೇಲು.

"ಸಾಮಾನ್ಯ ವಾಸ" ಅಂದರೆ ಎಷ್ಟು ದಿನ? ಅಮೆರಿಕದ ರಾಜ್ಯಗಳಲ್ಲಿ ಇದಕ್ಕೊಂದು ಲೆಕ್ಕ ಇದೆ. ಮಗು ಕೇಸಿಗೆ ಮುಂಚಿನ ಆರು ತಿಂಗಳು ಎಲ್ಲಿತ್ತೋ ಅದೇ ಅದರ ತವರು ರಾಜ್ಯ. ನಮ್ಮ ಕಾಯ್ದೆಯಲ್ಲಿ ಇಂತಿಷ್ಟು ತಿಂಗಳು ಅಂತ ಇಲ್ಲ. ಇದು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾದ ಪ್ರಶ್ನೆ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಮಗು ಅಲ್ಲಿ ನೆಲೆಸಿದೆಯೋ, ಬಂದು ಹೋಗುವ ಮಟ್ಟಿಗೆ ಇದೆಯೋ ಅಂತ ನೋಡುತ್ತಾರೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದ ಮಗುವಿನ ವಾಸ ಅಜ್ಜಿ ಮನೆ ಆಗುವುದಿಲ್ಲ.

ಇಲ್ಲೇ ಕೆಲವರು ದೊಡ್ಡ ತಪ್ಪು ಮಾಡುತ್ತಾರೆ. ರಜೆಗೆ ಬಂದ ಮಗುವನ್ನು ವಾಪಸ್ ಕಳಿಸದೆ ಇಲ್ಲೇ ಶಾಲೆಗೆ ಸೇರಿಸಿ, ಇಲ್ಲೇ ಅರ್ಜಿ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡಿರುತ್ತಾರೆ, ಆ ಸಂಕಟ ಅರ್ಥವಾಗುತ್ತದೆ. ಆದರೆ ಕೋರ್ಟಿನ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ. ಮಗುವನ್ನು ತಡೆದಿಟ್ಟುಕೊಂಡವರು ಅನ್ನುವ ಹೆಸರು ಒಮ್ಮೆ ಬಂದರೆ, ಮುಂದೆ "ನಮಗೆ ಮಗುವನ್ನು ಭೇಟಿ ಮಾಡಿಸಿ" ಅಂತ ಕೇಳುವಾಗಲೂ ಅದು ಅಡ್ಡ ಬರುತ್ತದೆ.

ಮಗುವಿನ ಆಸ್ತಿಯ ವಿಷಯ ಬೇರೆ. ತೀರಿಕೊಂಡ ಮಗನ ಪಾಲಿನ ಹೊಲ ಮಗುವಿಗೆ ಬಂದಿದೆ, ಅದನ್ನು ನೋಡಿಕೊಳ್ಳಲು ಗಾರ್ಡಿಯನ್ ಬೇಕು ಅಂದರೆ ಮಗು ಇರುವ ಊರಿನಲ್ಲಾಗಲಿ, ಆಸ್ತಿ ಇರುವ ಊರಿನಲ್ಲಾಗಲಿ ಅರ್ಜಿ ಹಾಕಬಹುದು.

ಹಕ್ಕು ಅನ್ನುವ ಪದ

ಈಗ ಅಜ್ಜಿಯ ಪ್ರಶ್ನೆ. ಮೊಮ್ಮಗುವಿನ ಕಸ್ಟಡಿ ಅಜ್ಜ-ಅಜ್ಜಿಯ ಹಕ್ಕು ಅಂತ ಹಿಂದೂ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. 1956ರ ಹಿಂದೂ ಅಪ್ರಾಪ್ತರ ಮತ್ತು ಗಾರ್ಡಿಯನ್‌ಶಿಪ್ ಕಾಯ್ದೆಯ 6ನೇ ಸೆಕ್ಷನ್ ಸಹಜ ಗಾರ್ಡಿಯನ್ ಅಂತ ತಂದೆಯನ್ನೂ ಅವನ ನಂತರ ತಾಯಿಯನ್ನೂ ಹೆಸರಿಸುತ್ತದೆ. "ನಂತರ" ಅಂದರೆ ತಂದೆ ಸತ್ತ ಮೇಲೆ ಮಾತ್ರ ಅಂತಲ್ಲ, ತಂದೆ ಜವಾಬ್ದಾರಿ ಹೊರದೆ ಇದ್ದಾಗಲೂ ತಾಯಿ ಗಾರ್ಡಿಯನ್ ಆಗಬಹುದು ಅಂತ ಲೇಖಕಿ ಗೀತಾ ಹರಿಹರನ್ ಹೂಡಿದ್ದ ಕೇಸಿನಲ್ಲಿ 1999ರಲ್ಲಿ ತೀರ್ಪು ಬಂತು. ಆ ಸಾಲಿನಲ್ಲಿ ಅಜ್ಜ-ಅಜ್ಜಿಯ ಹೆಸರಿಲ್ಲ.

ಮುಸ್ಲಿಂ ಕಾನೂನು ಇಲ್ಲಿ ಬೇರೆ ಥರ. ಹನಫಿ ಪದ್ಧತಿಯಲ್ಲಿ ಎಳೆಯ ಮಗುವನ್ನು ಸಾಕುವ ಸರದಿ ತಾಯಿಯ ನಂತರ ತಾಯಿಯ ತಾಯಿಗೆ ಬರುತ್ತದೆ. ಗಂಡು ಮಗುವಾದರೆ ಏಳು ವರ್ಷದ ತನಕ, ಹೆಣ್ಣು ಮಗುವಾದರೆ ಮೈನೆರೆಯುವ ತನಕ.

ಆದರೆ ಯಾವ ಧರ್ಮದ ಮನೆಯಾದರೂ ಕೊನೆಗೆ ಎಲ್ಲವೂ ಒಂದೇ ಅಳತೆಗೋಲಿಗೆ ಬಂದು ನಿಲ್ಲುತ್ತವೆ: ಮಗುವಿನ ಹಿತ. 1956ರ ಕಾಯ್ದೆಯ 13ನೇ ಸೆಕ್ಷನ್ ಅದನ್ನು ಎಲ್ಲಕ್ಕಿಂತ ಮೇಲೆ ಇಡುತ್ತದೆ. 1890ರ ಕಾಯ್ದೆಯ 17ನೇ ಸೆಕ್ಷನ್ ಏನೇನು ನೋಡಬೇಕು ಅಂತ ಹೇಳುತ್ತದೆ: ಮಗುವಿನ ವಯಸ್ಸು, ಕೇಳುವವರ ನಡತೆ, ಅವರ ಶಕ್ತಿ, ಎಷ್ಟು ಹತ್ತಿರದ ಬಂಧು, ತೀರಿಕೊಂಡ ತಂದೆ ಅಥವಾ ತಾಯಿ ಏನು ಬಯಸಿದ್ದರು. ತಿಳಿದು ಹೇಳುವಷ್ಟು ವಯಸ್ಸಿನ ಮಗುವಾದರೆ ಅದರ ಇಷ್ಟವೇನು ಅನ್ನುವುದನ್ನೂ ಕೋರ್ಟ್ ಗಣಿಸಬಹುದು. ಹಾಗಾಗಿ "ನಮ್ಮ ಹಕ್ಕು" ಅಂತ ಶುರುವಾಗುವ ಅರ್ಜಿ ದುರ್ಬಲ. "ಈ ಮಗುವಿಗೆ ಇದು ಒಳ್ಳೆಯದು, ಯಾಕೆಂದರೆ" ಅಂತ ಶುರುವಾಗುವ ಅರ್ಜಿಗೆ ಬಲ ಇದೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳೋಣ. ಗಾರ್ಡಿಯನ್ ಆಗುವುದು ಬೇರೆ, ಕಸ್ಟಡಿ ಬೇರೆ. ಕಸ್ಟಡಿ ಅಂದರೆ ಮಗು ದಿನನಿತ್ಯ ಯಾರ ಮನೆಯಲ್ಲಿರುತ್ತದೆ, ಯಾರು ಊಟ ಹಾಕಿ ಶಾಲೆಗೆ ಕಳಿಸುತ್ತಾರೆ ಅನ್ನುವುದು. ಗಾರ್ಡಿಯನ್ ಅಂದರೆ ಮಗುವಿನ ಪರವಾಗಿ ಕಾನೂನಿನ ಪ್ರಕಾರ ಸಹಿ ಹಾಕುವ, ತೀರ್ಮಾನ ಮಾಡುವ ಅಧಿಕಾರ ಇರುವವರು. 2010ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಎರಡನ್ನೂ ಬಿಡಿಸಿ ನೋಡಿತು. ತಾಯಿ ತೀರಿಕೊಂಡಿದ್ದರು, ತಂದೆ ಮತ್ತೆ ಮದುವೆಯಾಗಿದ್ದರು. ತಂದೆ ಸಹಜ ಗಾರ್ಡಿಯನ್ ಆಗಿದ್ದರೂ ಕೇಸು ಮುಗಿಯುವ ತನಕ ಮಕ್ಕಳು ತಾಯಿಯ ಕಡೆಯವರ ಬಳಿ ಇರಲಿ ಅಂತ ಆಯಿತು. ಒಂದು ಸಿಗದಿದ್ದರೆ ಇನ್ನೊಂದೂ ಸಿಗುವುದಿಲ್ಲ ಅಂದುಕೊಳ್ಳಬೇಕಾಗಿಲ್ಲ.

ಅಪ್ಪ ಅಥವಾ ಅಮ್ಮ ಬದುಕಿದ್ದರೆ

ಅಜ್ಜ-ಅಜ್ಜಿಗೆ ಅತಿ ಕಷ್ಟದ ದಾರಿ ಇದು. 1890ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಬದುಕಿರುವ ತಂದೆ ಅಥವಾ ತಾಯಿ ಅನರ್ಹರು ಅಂತ ಕೋರ್ಟಿಗೆ ಅನಿಸದ ಹೊರತು ಬೇರೆಯವರನ್ನು ಗಾರ್ಡಿಯನ್ ಮಾಡುವಂತಿಲ್ಲ. ಮೊದಲು ಇಲ್ಲಿ ತಂದೆಯ ಹೆಸರು ಮಾತ್ರ ಇತ್ತು. 2010ರ ತಿದ್ದುಪಡಿ ತಾಯಿಯನ್ನೂ ಸೇರಿಸಿತು.

ಮರುಮದುವೆ ಒಂದೇ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಎಷ್ಟೋ ಅಜ್ಜ-ಅಜ್ಜಿಯರಿಗೆ ಮನಸ್ಸು ಬರುವುದಿಲ್ಲ. 2025ರ ಫೆಬ್ರವರಿಯ ಒಂದು ತೀರ್ಪನ್ನು ನೋಡಿ. 2021ರಲ್ಲಿ ತಾಯಿ ತೀರಿಕೊಂಡ ಮೇಲೆ ಮಗು ತಾಯಿಯ ಅಪ್ಪ-ಅಮ್ಮನ ಹತ್ತಿರವೇ ಬೆಳೆಯುತ್ತಿತ್ತು. ತಂದೆ ಮರುಮದುವೆಯಾಗಿ ಮಗುವನ್ನು ಕೇಳಿದರು. ಒಳ್ಳೆಯ ಕೆಲಸದಲ್ಲಿರುವ, ಮಗುವನ್ನು ಹಿಂಸಿಸಿದ ಆರೋಪವಿಲ್ಲದ ತಂದೆಗಿಂತ ಅಜ್ಜ-ಅಜ್ಜಿಗೆ ಹೆಚ್ಚಿನ ಹಕ್ಕು ಇರಲಾರದು ಅಂತ ಸುಪ್ರೀಂ ಕೋರ್ಟ್ ಮಗುವನ್ನು ತಂದೆಗೆ ಕೊಟ್ಟಿತು. ಅಜ್ಜ-ಅಜ್ಜಿಗೆ ಭೇಟಿಯ ಅವಕಾಶ ಉಳಿಸಿತು.

ಸೊಸೆಯ ವಿಷಯದಲ್ಲೂ ಹಾಗೇ. ಆಂಧ್ರದ ಒಂದು ಕುಟುಂಬದಲ್ಲಿ ಮಗ ತೀರಿಕೊಂಡಾಗ ಮೊಮ್ಮಗು ಎಳೆಗೂಸು. ಸೊಸೆ ಮರುಮದುವೆಯಾದರು. ತಂದೆಯ ಕಡೆಯ ಅಜ್ಜ-ಅಜ್ಜಿ 2008ರಲ್ಲಿ ಗಾರ್ಡಿಯನ್ ಆಗಲು ಅರ್ಜಿ ಹಾಕಿದರು. ಕೆಳಗಿನ ಕೋರ್ಟ್ ಅದನ್ನು ತಿರಸ್ಕರಿಸಿ, ಮಗುವನ್ನು ನೋಡುವ ಅವಕಾಶ ಮಾತ್ರ ಕೊಟ್ಟಿತು. ಆಮೇಲೆ ಜಗಳ ಮಗುವಿನ ಮನೆತನದ ಹೆಸರಿನ ಮೇಲೆ ಹೋಯಿತು. 2022ರಲ್ಲಿ ಸುಪ್ರೀಂ ಕೋರ್ಟ್, ಮಗುವಿನ ಹೆಸರು ಏನಿರಬೇಕು ಅಂತ ತೀರ್ಮಾನಿಸುವುದು ಸಹಜ ಗಾರ್ಡಿಯನ್ ಆದ ತಾಯಿ ಅಂದಿತು. 2008ರಿಂದ 2022. ಕೂಸಾಗಿದ್ದ ಮಗು ಅಷ್ಟರಲ್ಲಿ ಹೈಸ್ಕೂಲಿಗೆ ಬಂದಿರುತ್ತದೆ. ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾದರೆ ಅಜ್ಜ-ಅಜ್ಜಿ ಗೆದ್ದದ್ದೇ ಇಲ್ವಾ? ಗೆದ್ದಿದ್ದಾರೆ. 2008ರ ಒಂದು ಪ್ರಕರಣದಲ್ಲಿ ಮಗಳ ಸಾವಿನ ಬಗ್ಗೆ ಅಳಿಯನ ಮೇಲೆಯೇ ಕ್ರಿಮಿನಲ್ ಕೇಸು ನಡೆಯುತ್ತಿತ್ತು. ಹುಡುಗ ಅಜ್ಜ-ಅಜ್ಜಿಯ ಹತ್ತಿರವೇ ಇರುತ್ತೇನೆ ಅಂದಿದ್ದ. ಕೆಳಗಿನ ಕೋರ್ಟುಗಳು ಆ ಕೇಸನ್ನೂ ಮಗುವಿನ ಇಷ್ಟವನ್ನೂ ಸರಿಯಾಗಿ ತೂಗಿಲ್ಲ ಅಂತ ಹೇಳಿ ಸುಪ್ರೀಂ ಕೋರ್ಟ್ ಅಜ್ಜ-ಅಜ್ಜಿಗೆ ಕಸ್ಟಡಿ ಕೊಟ್ಟಿತು. ಹಿಂಸೆ, ಕುಡಿತ, ಮಗುವನ್ನು ಬಿಟ್ಟುಹೋಗಿರುವುದು, ಇಂಥದ್ದೇನಾದರೂ ಇದ್ದು ಅದಕ್ಕೆ ಸಾಕ್ಷಿಯೂ ಇದ್ದರೆ 19ನೇ ಸೆಕ್ಷನ್ ದಾಟಲಾಗದ ಗೋಡೆಯಲ್ಲ.

ಇಬ್ಬರೂ ಇಲ್ಲದಿದ್ದರೆ

ಕೋವಿಡ್ ಕಾಲದಲ್ಲಿ ಈ ಪ್ರಶ್ನೆ ಎಷ್ಟೋ ಮನೆಗಳಿಗೆ ಬಂತು. ಗುಜರಾತಿನ ಒಬ್ಬ ಪುಟ್ಟ ಹುಡುಗ 2021ರ ಮೇ ಮತ್ತು ಜೂನ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಒಂದು ಕಡೆ ತಂದೆಯ ಅಪ್ಪ-ಅಮ್ಮ, ವಯಸ್ಸು 71 ಮತ್ತು 63. ಇನ್ನೊಂದು ಕಡೆ ತಾಯಿಯ ಅಕ್ಕ-ತಂಗಿಯರಲ್ಲಿ ಒಬ್ಬರು, ಮದುವೆಯಾಗಿಲ್ಲ, ಸರ್ಕಾರಿ ಕೆಲಸ. ಹೈಕೋರ್ಟ್ ವಯಸ್ಸು, ಆದಾಯ ನೋಡಿ ಚಿಕ್ಕಮ್ಮ-ದೊಡ್ಡಮ್ಮನ ಸ್ಥಾನದಲ್ಲಿದ್ದ ಅವರಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ವಯಸ್ಸಾಗಿದೆ, ಸಂಪಾದನೆ ಕಡಿಮೆ ಅನ್ನುವುದೇ ಅಜ್ಜ-ಅಜ್ಜಿಯನ್ನು ದೂರ ಇಡಲು ಕಾರಣವಾಗಬಾರದು ಅಂದಿತು. ಪಿಂಚಣಿಯಲ್ಲಿ ಬದುಕುವ ಅಜ್ಜ-ಅಜ್ಜಿಯರು ನೆನಪಿಡಬೇಕಾದ ತೀರ್ಪು ಇದು. ಅಲ್ಲೂ ಆ ಹೆಂಗಸಿಗೆ ಮಗುವನ್ನು ನೋಡುವ ಅವಕಾಶವನ್ನು ಕೋರ್ಟ್ ಕಿತ್ತುಕೊಳ್ಳಲಿಲ್ಲ.

ಹೇಬಿಯಸ್ ಕಾರ್ಪಸ್ ಅನ್ನುವ ಅಡ್ಡದಾರಿ

"ಫ್ಯಾಮಿಲಿ ಕೋರ್ಟ್ ಯಾಕೆ, ನೇರ ಹೈಕೋರ್ಟಿಗೆ ಹೋಗೋಣ" ಅನ್ನುವ ಸಲಹೆ ಜಾಸ್ತಿ ಕೇಳಿಬರುತ್ತದೆ. ಹೇಬಿಯಸ್ ಕಾರ್ಪಸ್ ಅಂದರೆ ಅಕ್ರಮವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿ. ಫ್ಯಾಮಿಲಿ ಕೋರ್ಟಿಗಿಂತ ಬೇಗ ಮುಗಿಯುತ್ತದೆ, ನಿಜ. ಆದರೆ ಮಗು ಕಾನೂನಿನ ಅಧಿಕಾರ ಇಲ್ಲದವರ ಬಳಿ ಇದ್ದಾಗ ಮಾತ್ರ ಇದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟಿನ 2019ರ ತೀರ್ಪು ಸ್ಪಷ್ಟ ಮಾಡಿದೆ. ತಾಯಿಯ ಹತ್ತಿರವೋ ತಂದೆಯ ಹತ್ತಿರವೋ ಇರುವ ಮಗುವನ್ನು ಅಕ್ರಮವಾಗಿ ಹಿಡಿದಿಟ್ಟಿದ್ದಾರೆ ಅಂತ ಹೇಳುವುದು ಹೇಗೆ? ಹಾಗಾಗಿ ಈ ದಾರಿ ಅಜ್ಜ-ಅಜ್ಜಿಗಿಂತ ತಂದೆ ತಾಯಿಗೇ ಹೆಚ್ಚು ಒದಗುತ್ತದೆ. 2019ರ ಪ್ರಕರಣದಲ್ಲೂ ಆದದ್ದು ಅದೇ. ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಂದೆಗೂ ಹುಷಾರಿಲ್ಲದಿದ್ದಾಗ ಮಗುವನ್ನು ಸಾಕಿದವರು ತಾಯಿಯ ಕಡೆಯವರು. ಕೊನೆಗೆ ಮಗು ತಂದೆಯ ಮಡಿಲಿಗೆ ಹೋಯಿತು.

2025ರ ಜನವರಿಯಲ್ಲಿ ಇನ್ನೊಂದು ಅರ್ಜಿ ಸುಪ್ರೀಂ ಕೋರ್ಟಿಗೇ ಬಂದಿತ್ತು. ಮಗನನ್ನು ಕಳೆದುಕೊಂಡ ಅಜ್ಜಿ ಒಂದು ರಾಜ್ಯದಲ್ಲಿ, ನಾಲ್ಕು ವರ್ಷದ ಮೊಮ್ಮಗ ಇನ್ನೊಂದು ರಾಜ್ಯದಲ್ಲಿ. ಈ ಮಗುವಿಗೆ ಅಜ್ಜಿಯ ಪರಿಚಯವೇ ಇಲ್ಲ ಅನ್ನುವ ಮಾತು ನ್ಯಾಯಪೀಠದಿಂದ ಬಂತು. ನ್ಯಾಯಮೂರ್ತಿಗಳು ವಿಡಿಯೊ ಮೂಲಕ ಮಗುವಿನ ಜೊತೆ ಮಾತಾಡಿದರು. ಮಗು ತಾಯಿಯ ಹತ್ತಿರವೇ ಉಳಿಯಿತು. ಅಜ್ಜಿಗೆ ಬೇಕಿದ್ದರೆ ಸರಿಯಾದ ಕೋರ್ಟಿಗೆ ಹೋಗಬಹುದು ಅಂತ ಆಯಿತು.

"ಪರಿಚಯವೇ ಇಲ್ಲ" ಅನ್ನುವ ಆ ಮಾತು ಯಾವ ಅಜ್ಜಿಗೂ ಚುಚ್ಚುತ್ತದೆ. ಪರಿಚಯ ಆಗಲು ಬಿಟ್ಟಿದ್ದರೆ ತಾನೇ ಆಗುವುದು ಅನಿಸುತ್ತದೆ. ಆದರೆ ಮೇಲಿನ ತೀರ್ಪುಗಳನ್ನೆಲ್ಲ ಜೋಡಿಸಿ ನೋಡಿದರೆ ನನಗೆ ಕಾಣುವುದು ಇದೇ. ರಕ್ತಸಂಬಂಧಕ್ಕಿಂತ, ಮಗುವಿನ ದಿನಚರಿಯಲ್ಲಿ ಅಜ್ಜ-ಅಜ್ಜಿಗೆ ಎಷ್ಟು ಜಾಗ ಇತ್ತು ಅನ್ನುವುದು ಕೋರ್ಟಿನಲ್ಲಿ ಜಾಸ್ತಿ ತೂಗುತ್ತದೆ.

ಆ ಎಳೆ ಕಡಿಯದಂತೆ ನೋಡಿಕೊಳ್ಳುವುದು

ಫೋನ್ ಎತ್ತದಿದ್ದರೂ ಮಾಡುತ್ತಿರಿ, ಮೆಸೇಜ್ ಹಾಕುತ್ತಿರಿ. ಬೈಯಬೇಡಿ, ಬೆದರಿಸಬೇಡಿ. ನಾಳೆ ಆ ಮೆಸೇಜುಗಳನ್ನು ಜಡ್ಜ್ ಓದಬಹುದು. ಹುಟ್ಟುಹಬ್ಬಕ್ಕೆ ಕಳಿಸಿದ ಉಡುಗೊರೆಯ ಕೊರಿಯರ್ ರಸೀದಿ, ಕಟ್ಟಿದ ಶಾಲೆಯ ಫೀಸಿನ ರಸೀದಿ, ಮಗು ನಿಮ್ಮ ಮನೆಯಲ್ಲಿದ್ದ ದಿನಗಳ ಫೋಟೊ, ಲಸಿಕೆ ಹಾಕಿಸಿದ ಕಾರ್ಡು, ಎಲ್ಲ ಒಂದು ಕಡೆ ಎತ್ತಿಡಿ. ಅಳಿಯನ ಬಗ್ಗೆ, ಸೊಸೆಯ ಬಗ್ಗೆ ಮಗುವಿನ ಎದುರು ಕೆಟ್ಟದ್ದು ಆಡಬೇಡಿ. ಮಕ್ಕಳು ಜಡ್ಜಿನ ಮುಂದೆ ಕೂತಾಗ ಎಲ್ಲವನ್ನೂ ಹೇಳುತ್ತವೆ.

ಕಾನೂನಿನ ಖರ್ಚಿಗೆ ಹೆದರಿ ಕೈಬಿಡುವವರು ಒಂದು ವಿಷಯ ತಿಳಿದಿರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯದ ಮಿತಿ ಇಲ್ಲ. ಅಂದರೆ ಅಜ್ಜಿಯ ಹೆಸರಿನಲ್ಲಿ ಕೇಳಬಹುದು. ಸಹಾಯವಾಣಿ 15100. ಪುಣೆಯ ಕೇಸಿಗೆ ಪುಣೆಯ ಜಿಲ್ಲಾ ಪ್ರಾಧಿಕಾರದಿಂದ ವಕೀಲರು ಸಿಗುತ್ತಾರೆ. ಭಾಷೆಯ ತೊಡಕು ಇದ್ದರೆ ಇಲ್ಲೇ ಒಬ್ಬ ವಕೀಲರ ಹತ್ತಿರ ಕೂತು ಸಂಗತಿಗಳನ್ನೆಲ್ಲ ತಾರೀಖು ಸಹಿತ ಬರೆಸಿಕೊಂಡು ಹೋಗಿ.

ರಾಜ್ಯ ದಾಟಿದ ಮೇಲೆ ಆದೇಶಕ್ಕೆ ಬೆಲೆ ಇದೆಯಾ ಅನ್ನುವ ಭಯವೂ ಬೇಡ. ಸಂವಿಧಾನದ 261ನೇ ವಿಧಿಯ 3ನೇ ಉಪವಿಧಿ ಪ್ರಕಾರ ದೇಶದ ಯಾವ ಭಾಗದ ಸಿವಿಲ್ ಕೋರ್ಟಿನ ಅಂತಿಮ ಆದೇಶವನ್ನೂ ದೇಶದ ಯಾವ ಭಾಗದಲ್ಲಾದರೂ ಜಾರಿ ಮಾಡಬಹುದು. ಪುಣೆಯ ಆದೇಶ ಆದ ಮೇಲೆ ತಂದೆ ಮಗುವನ್ನು ಕರೆದುಕೊಂಡು ಇಂದೋರಿಗೆ ಹೋದರೂ ಆ ಆದೇಶ ಸಾಯುವುದಿಲ್ಲ. ಒಂದೇ ಮಗುವಿಗಾಗಿ ಎರಡು ರಾಜ್ಯಗಳಲ್ಲಿ ಕೇಸು ಬಿದ್ದಿದ್ದರೆ, ಅದನ್ನು ಒಂದು ಕಡೆಗೆ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಸೆಕ್ಷನ್ ಅಡಿ ಸುಪ್ರೀಂ ಕೋರ್ಟಿಗೆ ಇದೆ. ಹಾಗೇ, ನಿಮ್ಮನ್ನೇ ಗಾರ್ಡಿಯನ್ ಆಗಿ ನೇಮಿಸಿದರೂ ಒಂದು ಕಟ್ಟುಪಾಡು ಇರುತ್ತದೆ. 1890ರ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನೇಮಿಸಿದ ಕೋರ್ಟಿನ ವ್ಯಾಪ್ತಿ ಬಿಟ್ಟು ಮಗುವನ್ನು ಹೊರಗೆ ಕರೆದೊಯ್ಯಲು ಅನುಮತಿ ಬೇಕು. ಪುಣೆಯ ಕೋರ್ಟ್ ಗಾರ್ಡಿಯನ್ ಮಾಡಿತು ಅಂತ ಮಾರನೇ ದಿನವೇ ಧಾರವಾಡದ ಬಸ್ ಹತ್ತುವಂತಿಲ್ಲ. ಆ ಅನುಮತಿಯನ್ನೂ ಅರ್ಜಿಯಲ್ಲೇ ಕೇಳಿಕೊಳ್ಳಬೇಕು.

ಕಸ್ಟಡಿ ಸಿಗದಿದ್ದರೂ ಭೇಟಿ ಸಿಗಬಹುದು ಅನ್ನುವುದನ್ನು ಮೇಲಿನ ಕೆಲವು ಪ್ರಕರಣಗಳಲ್ಲಿ ನೋಡಿದೆವು. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಮಗು ಅಜ್ಜ-ಅಜ್ಜಿಯ ಜೊತೆ ಕಳೆಯುವ ಸಮಯದ ಬಗ್ಗೆಯೂ ಬರೆದಿದೆ. ಫ್ಯಾಮಿಲಿ ಕೋರ್ಟಿಗೆ ಮೊದಲು ರಾಜಿಗೆ ಪ್ರಯತ್ನಿಸುವ ಕರ್ತವ್ಯವೂ ಇದೆ. ಎದುರಿಗೆ ಕೂರಿಸಿ ಮಾತಾಡಿಸಿದಾಗ, "ಮಗುವನ್ನು ಕಿತ್ತುಕೊಳ್ಳಲು ಬಂದಿದ್ದಾರೆ" ಅಂತ ಹೆದರಿದ್ದ ಅಳಿಯ, "ಬರೀ ನೋಡಲು ಬಂದಿದ್ದಾರೆ" ಅಂತ ತಿಳಿದು ಒಪ್ಪುವುದುಂಟು.

ಧಾರವಾಡದ ಆ ಅಜ್ಜ-ಅಜ್ಜಿ ನನ್ನನ್ನು ಕೇಳಿದರೆ, ಅಳಿಯ ಮಗುವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರೆ, ಅರ್ಜಿಯಲ್ಲಿ ಇಷ್ಟು ಬರೆಸಿ ಅನ್ನುತ್ತೇನೆ. ಕೇಸು ಮುಗಿಯುವ ತನಕ ಕಾಯದೆ ಈಗಿನಿಂದಲೇ ಭಾನುವಾರ ಸಂಜೆ ಅರ್ಧ ಗಂಟೆ ವಿಡಿಯೊ ಕಾಲ್. ತಿಂಗಳಿಗೊಮ್ಮೆ ನಾವು ಪುಣೆಗೆ ಬಂದಾಗ ಮಗುವಿನ ಜೊತೆ ಒಂದು ಇಡೀ ದಿನ. ಅವಳ ಅಮ್ಮನ ತಿಥಿಯ ದಿನ ಅವಳು ನಮ್ಮ ಜೊತೆ ಇರಲಿ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಧಾರವಾಡ. ಕರೆದುಕೊಂಡು ಹೋಗುವ ತಾರೀಖಿನ ಪಕ್ಕದಲ್ಲೇ, ವಾಪಸ್ ತಂದು ಬಿಡುವ ತಾರೀಖನ್ನೂ ಬರೆಸಿ.